ಕೋಲಿಗೆ ಕಾಯುವ ಪದ

ಕೋಲಾಟಕ್ಕೆ ಅಜ್ಜಂದಿರ ಕಾಲದ ಪದ ಹೊಂದುತ್ತದಾ, ಇಲ್ಲ ಈಗಿನ ಬೀಟ್ ಇರುವ ಟ್ರ್ಯಾಕೇ ಬೇಕಾ? ಅಂತರ ಕಾಲೇಜು ಸ್ಪರ್ಧೆಗೆ ತಯಾರಾಗುವಾಗ ನಮ್ಮ ಹನ್ನೆರಡು ಜನರ ತಂಡದಲ್ಲಿ ಒಂದು ತಿಂಗಳು ಇದೇ ಜಗಳ. ನಾನು ಆನಂದಪುರದವನು. ಉಳಿದವರು ಸಾಗರ, ರಿಪ್ಪನ್‌ಪೇಟೆ, ಹೊಸನಗರದ ಕಡೆಯವರು, ಒಬ್ಬಳು ತೀರ್ಥಹಳ್ಳಿಯವಳು. ‘ಹಳೇ ಪದ ಹೇಳಿದ್ರೆ ಜನ ಮಲಗ್ತಾರೆ’ ಎನ್ನುವ ಪಕ್ಷದಲ್ಲಿ ಏಳು ಜನ, ಎದುರು ಪಕ್ಷದಲ್ಲಿ ಐದು. ನಾನು ಐದರಲ್ಲಿದ್ದೆ. ಸಂಸ್ಕೃತಿ ಉಳಿಸಬೇಕು ಎಂಬ ದೊಡ್ಡ ಕಾರಣವೇನೂ ನನಗಿರಲಿಲ್ಲ. ಟ್ರ್ಯಾಕ್ ಹಾಕಿದಾಗಲೆಲ್ಲ ಎಲ್ಲರ ಹೆಜ್ಜೆ ಒಂದೇ ಜಾಗದಲ್ಲಿ ತಪ್ಪುತ್ತಿತ್ತು, ಅದೊಂದೇ ಕಾರಣ.

ಆ ಜಾಗ ಯಾವುದೆಂದರೆ, ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಬರುವ ಬಿಜಿಎಂ. ಸಿನಿಮಾ ಹಾಡು ಕೇಳುವುದಕ್ಕೆ ಮಾಡಿದ್ದು. ಅದರಲ್ಲಿ ಆರಂಭಕ್ಕೆ ಒಂದಷ್ಟು ವಾದ್ಯ, ಆಮೇಲೆ ಪಲ್ಲವಿ, ನಡುವೆ ಕೊಳಲೋ ಗಿಟಾರೋ, ಎಲ್ಲೋ ಒಂದು ಕಡೆ ಬೀಟ್ ಪೂರ್ತಿ ನಿಂತು ದನಿಯೊಂದೇ ಉಳಿಯುವುದು. ಕಿವಿಗೆ ಇದೆಲ್ಲ ಸೊಗಸು. ಆದರೆ ಎಂಟು ಏಟಿಗೊಮ್ಮೆ ಜೋಡಿ ಬದಲಿಸಿ ಮುಂದಿನವರ ಕೋಲಿಗೆ ಕೋಲು ಕೊಡಬೇಕಾದವನಿಗೆ ಬೀಟ್ ನಿಂತ ಆ ಕ್ಷಣ ದಾರಿ ತಪ್ಪಿದ ಹಾಗೆ. ಎಣಿಸಿಕೊಂಡೇ ಆಡಿದರೆ ನಿಭಾಯಿಸಬಹುದು. ಆದರೆ ಹನ್ನೆರಡು ಜನ ಮನಸ್ಸಿನಲ್ಲೇ ಎಣಿಸುತ್ತಾ ಆಡುವ ಕೋಲಾಟ ನೋಡಿದ್ದೀರಾ? ಎಲ್ಲರ ಮುಖವೂ ಪರೀಕ್ಷಾ ಹಾಲ್‌ನಲ್ಲಿ ಇದ್ದಂತಿರುತ್ತದೆ.

ಗೆಳೆಯನೊಬ್ಬ ತನ್ನ ಊರಿನ ಅಜ್ಜರೊಬ್ಬರನ್ನು ಕರೆತಂದ ಮೇಲೆ ವಿಷಯ ತಿಳಿಯಾಯಿತು. ಎಪ್ಪತ್ತು ದಾಟಿದವರು, ಕೈಯಲ್ಲಿ ಒಂದು ಜೊತೆ ತಾಳ, ಬೇರೇನೂ ಇಲ್ಲ. ಅವರು ಒಂದು ಸಾಲು ಹೇಳುವುದು, ನಾವು ಅದನ್ನೇ ತಿರುಗಿ ಹೇಳುವುದು, ಸಾಲಿನ ಕೊನೆಗೆ ‘ಕೋಲೆ’ ಎಂಬ ಸೊಲ್ಲು. ಅರ್ಧ ಗಂಟೆ ಆಡಿದರೂ ಒಬ್ಬರೂ ಎಣಿಸಲಿಲ್ಲ. ಸೊಲ್ಲು ಬಂತೆಂದರೆ ಜೋಡಿ ಬದಲಿಸುವ ಹೊತ್ತು ಬಂತು ಎಂದು ಕಾಲಿಗೇ ಗೊತ್ತಾಗುತ್ತಿತ್ತು. ನಮ್ಮಲ್ಲೊಬ್ಬಳು ಹೆಜ್ಜೆಯಲ್ಲಿ ಹಿಂದೆ ಬಿದ್ದಾಗ ಅಜ್ಜ ಅದೇ ಸಾಲನ್ನು ಇನ್ನೊಮ್ಮೆ ಹೇಳಿದರು. ಅವಳು ಸೇರಿಕೊಂಡಳು, ಪದ ಮುಂದೆ ಹೋಯಿತು. ‘ಪದ ಬಾಯಿಪಾಠ ಇದ್ರೆ ಸಾಲ ತಮಾ, ಕಾಲು ನೋಡ್ಕಂಡು ಹೇಳ್ಬೇಕು’ ಎಂದರು. ಪೆನ್ ಡ್ರೈವ್‌ಗೆ ಈ ಕಾಲು ನೋಡುವ ವಿದ್ಯೆ ಇಲ್ಲ.

ಇಲ್ಲಿ ನನ್ನನ್ನು ಹಿಡಿದದ್ದು ತ್ರಿಪದಿಯ ಸಂಗತಿ. ನಾವು ಪಿಯುಸಿಯಲ್ಲಿ ಓದಿದಂತೆ ತ್ರಿಪದಿಗೆ ಮೂರು ಸಾಲು. ಮೂರು ಸಾಲನ್ನು ಎರಡು-ನಾಲ್ಕು-ಎಂಟರ ಹೆಜ್ಜೆಗೆ ಕೂರಿಸುವುದು ಹೇಗೆ? ಹಾಡುವವರು ಎರಡನೇ ಸಾಲನ್ನು ತಿರುಗಿಸಿ ಹೇಳುತ್ತಾರೆ, ಆಗ ಕೇಳುವಾಗ ನಾಲ್ಕಾಗುತ್ತದೆ. ಪುಸ್ತಕದಲ್ಲಿ ಮೂರಾಗಿರುವುದು ಬಾಯಲ್ಲಿ ನಾಲ್ಕಾಗುವ ಈ ಉಪಾಯ ಛಂದಸ್ಸಿನ ಟಿಪ್ಪಣಿಯಲ್ಲಿದ್ದಾಗ ನನಗೆ ಅರ್ಥವೇ ಆಗಿರಲಿಲ್ಲ. ಕೋಲು ಹಿಡಿದ ಮೇಲೆ ಅರ್ಥವಾಯಿತು.

ಹಾಗೆಂದು ಹಳೆಯ ಪದಗಳೆಲ್ಲ ಕೋಲಾಟಕ್ಕೆ ಹೊಂದುತ್ತವೆ ಎಂದರೆ ಅದೂ ಸುಳ್ಳು. ಬೀಸುವಾಗ, ನಾಟಿ ಮಾಡುವಾಗ ಹೇಳುವ ಪದಗಳ ಎಳೆತವೇ ಬೇರೆ. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ-ಪಂಟಿಗೆಯವರ ಪದ ನಮ್ಮ ಸೀಮೆಯ ಆಸ್ತಿ. ಆದರೆ ಅದು ಕತ್ತಲಲ್ಲಿ ನಡೆದುಕೊಂಡು ಬಂದು ಬಾಗಿಲಲ್ಲಿ ನಿಂತು ಹೇಳುವಂಥದ್ದು. ಅದನ್ನು ತಂದು ಕೋಲಾಟಕ್ಕೆ ಹಾಕೋಣ ಎಂದು ನಮ್ಮದೇ ಐವರಲ್ಲಿ ಒಬ್ಬ ಹಟ ಮಾಡಿದ. ಒಂದು ಸುತ್ತು ಆಡಿ ನೋಡಿದೆವು. ಕೋಲು ಗಾಳಿಯಲ್ಲಿ ಕಾಯುತ್ತಾ ನಿಂತಿತು.

ಇದೇ ತಕರಾರು ಅಮೆರಿಕದಲ್ಲೂ ಇದೆ ಎಂದು ಓದಿದಾಗ ನಗು ಬಂತು. ಅಲ್ಲಿ ಕಾಂಟ್ರಾ ಡಾನ್ಸ್ ಎಂಬ ಸಾಮೂಹಿಕ ನೃತ್ಯವಿದೆ, ನ್ಯೂ ಇಂಗ್ಲೆಂಡ್ ಕಡೆ ಹೆಚ್ಚು. ಜೋಡಿಗಳು ಉದ್ದ ಸಾಲಿನಲ್ಲಿ ಎದುರುಬದುರು ನಿಲ್ಲುತ್ತಾರೆ, 64 ಏಟಿಗೆ ಒಂದು ಸುತ್ತು, ಸುತ್ತು ಮುಗಿದೊಡನೆ ಮುಂದಿನ ಜೋಡಿಯ ಎದುರಿಗೆ. ಪಿಟೀಲಿನ ಧಾಟಿಯೂ ಅಷ್ಟೇ ಏಟಿನದು, ನಿಮಿಷಕ್ಕೆ 120 ಏಟಿನ ವೇಗದಲ್ಲಿ 32 ಸೆಕೆಂಡಿಗೆ ಒಂದು ಸುತ್ತು. ಅಪಲೇಷಿಯನ್ ಬೆಟ್ಟಸೀಮೆಯ ‘ಓಲ್ಡ್ ಟೈಮ್’ ಪಿಟೀಲು ಧಾಟಿಗಳು ಇದಕ್ಕೆ ಒಗ್ಗುತ್ತವೆಯೇ ಎಂಬುದು ಅಲ್ಲಿನವರ ಜಗಳ. ಆ ಧಾಟಿಗಳು ಗಾಣದಂತೆ ಸುತ್ತುತ್ತಲೇ ಇರುತ್ತವೆ, ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಕಾಲಿಗೆ ತಿಳಿಯುವುದಿಲ್ಲ ಎಂದು ಕೆಲವರು. ಆ ಸುತ್ತಾಟವೇ ಕಾಲಿಗೆ ಬಲ ಎಂದು ಉಳಿದವರು. ಕೆಲವು ಧಾಟಿಗಳಲ್ಲಂತೂ ಒಂದೆರಡು ಏಟು ಹೆಚ್ಚು ಅಥವಾ ಕಡಿಮೆ ಇರುತ್ತದಂತೆ. ಅಂಥವನ್ನು ಕುಣಿತಕ್ಕೆ ನುಡಿಸುವಾಗ ನೆಟ್ಟಗೆ ಮಾಡಿಕೊಳ್ಳಬೇಕು, ಇಲ್ಲವೇ ಬದಿಗಿಡಬೇಕು. ನಮ್ಮ ತ್ರಿಪದಿಯವರು ಮಾಡಿದ್ದೂ ಅದೇ ನೆಟ್ಟಗೆ ಮಾಡುವ ಕೆಲಸ.

ನಮ್ಮ ಕಡೆಯವರಿಗೆ ಇದು ಹೊಸ ಚರ್ಚೆಯೂ ಅಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಭಾಗವತರು ರಾಗ ಹಿಗ್ಗಿಸುತ್ತಾ ಹೋದರೆ ವೇಷಧಾರಿ ಏನು ಮಾಡಬೇಕು ಎಂದು ಚೌಕಿಯಲ್ಲಿ, ಚಹಾದಂಗಡಿಯಲ್ಲಿ ಜನ ವಾದಿಸುವುದನ್ನು ಕೇಳುತ್ತಲೇ ಬೆಳೆದವರು ನಾವು. 1990ರಲ್ಲಿ ತೀರಿಹೋದ ಕಾಳಿಂಗ ನಾವಡರ ಹೆಸರು ಈ ವಾದದಲ್ಲಿ ಬಾರದೇ ಇರುವುದಿಲ್ಲ. ಡೊಳ್ಳು ಕುಣಿತದಲ್ಲೂ ತಾಳ ಹಿಡಿದವನ ಸನ್ನೆಗೆ ಹೆಜ್ಜೆ ಬದಲಾಗುತ್ತದೆ. ಎರಡರಲ್ಲೂ ಕುಣಿಯುವವರನ್ನು ನೋಡುತ್ತಿರುವ ಒಬ್ಬ ಮನುಷ್ಯ ಇದ್ದಾನೆ.

ಕೊನೆಗೆ ಜಗಳ ಬಗೆಹರಿಸಿದ್ದು ಜಡೆ ಕೋಲಾಟ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಂದು ಕೈಯಲ್ಲಿ ಹಿಡಿದು, ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ, ಒಬ್ಬರ ಒಳಗಿನಿಂದ ಇನ್ನೊಬ್ಬರ ಹೊರಗಿನಿಂದ ನುಸುಳಿ ಜಡೆ ಹೆಣೆಯುವುದು. ಹೆಣೆದದ್ದನ್ನು ಅದೇ ದಾರಿಯಲ್ಲಿ ವಾಪಸ್ ನಡೆದು ಬಿಚ್ಚಬೇಕು. ಟ್ರ್ಯಾಕ್ ನಾಲ್ಕೂವರೆ ನಿಮಿಷಕ್ಕೆ ಮುಗಿಯಿತು, ಜಡೆ ಇನ್ನೂ ಅರ್ಧ ಬಿಚ್ಚಿರಲಿಲ್ಲ. ಹನ್ನೆರಡು ಜನ ಹಗ್ಗ ಹಿಡಿದು ಸುಮ್ಮನೆ ನಿಂತೆವು. ಏಳು ಜನರ ಪಕ್ಷದ ಮುಖಂಡಳೇ, ‘ಅಜ್ಜನ್ನ ಕರ್ಸ್ರೋ’ ಎಂದಳು.

ಸ್ಪರ್ಧೆಯಲ್ಲಿ ಎಂಟು ನಿಮಿಷ ಅಜ್ಜ ಹೇಳಿದರು, ಜಡೆ ಪೂರ್ತಿ ಬಿಚ್ಚಿದ ಸಾಲಿಗೇ ಪದ ನಿಂತಿತು. ನಮಗೆ ಬಹುಮಾನ ಬರಲಿಲ್ಲ. ದಾಂಡಿಯಾ ಬೀಟ್ ಬೆರೆಸಿದ ಟ್ರ್ಯಾಕ್‌ಗೆ ಆಡಿದ ತಂಡಕ್ಕೆ ಮೊದಲ ಸ್ಥಾನ. ನಿಮ್ಮದರಲ್ಲಿ ಎನರ್ಜಿ ಕಡಿಮೆ ಎಂದರು ತೀರ್ಪುಗಾರರಲ್ಲೊಬ್ಬರು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಅಜ್ಜ ಮಾತ್ರ ಕಿಟಕಿ ಪಕ್ಕ ಕೂತು ಕಡಲೆಕಾಯಿ ತಿನ್ನುತ್ತಿದ್ದರು.

ತೀರ್ಪುಗಾರರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಒಂದೇ ಸಾಲು ನಾಲ್ಕು ಸಲ ಬಂದರೆ ಕುರ್ಚಿಯಲ್ಲಿ ಕೂತವರಿಗೆ ಬೇಸರ. ಆಡುವವನಿಗೆ ಅದೇ ಸಾಲು ನಾಲ್ಕು ಸಲವೂ ಬೇಕು, ಏಕೆಂದರೆ ನಾಲ್ಕು ಸಲವೂ ಅವನೆದುರು ಬೇರೆ ಬೇರೆ ಮುಖ. ಈ ಪದಗಳು ಹುಟ್ಟಿದ್ದು ಕುರ್ಚಿ ಇಲ್ಲದ ಅಂಗಳದಲ್ಲಿ. ಕಾಂಟ್ರಾದಲ್ಲೂ ಹಾಗೆಯೇ, ಬಂದವರೆಲ್ಲ ಕುಣಿಯುವವರೇ, ಬಹುಮಾನ ಕೊಡುವವರು ಯಾರೂ ಇರುವುದಿಲ್ಲ. ನಾವು ಅಂಗಳದ ಆಟವನ್ನು ವೇದಿಕೆಗೆ ಹತ್ತಿಸಿ, ಅದು ವೇದಿಕೆಗೆ ಸಾಲದು ಎಂದು ಅಂಕ ಕಳೆಯುತ್ತಿದ್ದೇವೆ. ಸ್ಪರ್ಧೆಗೆ ಟ್ರ್ಯಾಕೇ ಇರಲಿ, ಗೆಲ್ಲಬೇಕಾದವರು ಗೆಲ್ಲಲಿ. ಆದರೆ ಆಡಿ ಖುಷಿಪಡುವುದಕ್ಕೆ ಹಳೆಯ ಪದಕ್ಕಿಂತ ಒಳ್ಳೆಯದನ್ನು ನಾನಂತೂ ಕಂಡಿಲ್ಲ.

ಈಗ ಭಾನುವಾರ ಸಂಜೆ ಆನಂದಪುರದಲ್ಲಿ ಎಂಟು-ಹತ್ತು ಜನ ಸೇರುತ್ತೇವೆ. ಇಬ್ಬರು ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು, ಒಬ್ಬ ಊರಲ್ಲೇ ಅಡಿಕೆ ತೋಟ ನೋಡಿಕೊಳ್ಳುವವನು. ಅಜ್ಜನಿಗೆ ಈಗ ಉಸಿರು ಸಾಲದು, ಹದಿನೈದು ನಿಮಿಷಕ್ಕೆ ದಮ್ಮು ಹತ್ತುತ್ತದೆ. ಅವರ ಪದಗಳನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಅದಕ್ಕೇ ಆಡಿ ನೋಡಿದೆವು. ಅಜ್ಜನದೇ ದನಿ, ಅಜ್ಜನದೇ ಪದ, ಆದರೂ ಅದು ನಮಗೆ ಕಾಯಲಿಲ್ಲ. ಹಾಗಾಗಿ ತೀರ್ಥಹಳ್ಳಿಯ ಗೆಳತಿ ಮುಂದಾಗಿ ಪದ ಹೇಳುವುದನ್ನು ಕಲಿಯುತ್ತಿದ್ದಾಳೆ. ಪದಗಳೇನೋ ಬಾಯಿಗೆ ಬಂದಿವೆ. ನಮ್ಮ ಕಾಲು ನೋಡುತ್ತಾ ಹೇಳಲು ಹೋದರೆ ಮುಂದಿನ ಸಾಲು ಮರೆಯುತ್ತದೆ, ಸಾಲು ನೆನಪಿಟ್ಟುಕೊಂಡರೆ ಕಾಲು ನೋಡುವುದು ಮರೆಯುತ್ತದೆ. ಅಜ್ಜ ಜಗಲಿಯ ಮೇಲೆ ಕೂತು, ಅವಳು ತಪ್ಪಿದ ಕಡೆ ತಾಳವನ್ನು ಒಂದು ಸಲ ಜೋರಾಗಿ ತಟ್ಟುತ್ತಾರೆ.