ಚಳಿಗಾಲದ ಮುಂಜಾವು ಮತ್ತು ನಗರದ ಗಾಳಿ



ಕಾರ್ತಿಕ ಮಾಸ ಬಂದೊಡನೆ ನಗರಗಳಿಂದ ಶ್ರೀಮಠಕ್ಕೆ ಬರುವ ಹಿರಿಯ ಭಕ್ತರಲ್ಲಿ ಹಲವರು ಒಂದೇ ಮಾತನ್ನು ಹೇಳುತ್ತಾರೆ: ಇಷ್ಟಲಿಂಗ ಪೂಜೆ ಮುಗಿಸಿ ನಸುಕಿನಲ್ಲಿ ನಡಿಗೆಗೆ ಹೊರಟರೆ ಎದೆ ಬಿಗಿಯುತ್ತದೆ, ಕೆಮ್ಮು ಬಿಡುವುದಿಲ್ಲ. ಮುಂಜಾವಿನ ಗಾಳಿ ಶುದ್ಧವೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಒಲೆಯ ಹೊಗೆಯೊಂದನ್ನು ಬಿಟ್ಟರೆ ಹಳ್ಳಿಯಲ್ಲಿ ಅದು ಬಹುಮಟ್ಟಿಗೆ ನಿಜ. ಆದರೆ ನಗರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ದಿನದ ಅತಿ ಮಲಿನ ಗಾಳಿ ಇರುವುದು ಅನೇಕ ವೇಳೆ ಅದೇ ಹೊತ್ತಿನಲ್ಲಿ.

ಗಾಳಿಯಲ್ಲಿ ತೇಲುವ ಕಣಗಳಲ್ಲಿ 10 ಮೈಕ್ರಾನ್‌ಗಿಂತ ಚಿಕ್ಕವನ್ನು ಪಿಎಂ 10 ಎಂದೂ, 2.5 ಮೈಕ್ರಾನ್‌ಗಿಂತ ಚಿಕ್ಕವನ್ನು ಪಿಎಂ 2.5 ಎಂದೂ ಕರೆಯುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ದಪ್ಪ ಧೂಳು ಮೂಗು, ಗಂಟಲಲ್ಲಿ ನಿಲ್ಲುತ್ತದೆ, ಪಿಎಂ 2.5 ಶ್ವಾಸಕೋಶದ ತುದಿಯವರೆಗೆ ಇಳಿದು ಹೃದಯವನ್ನೂ ಬಾಧಿಸುತ್ತದೆ. ಇದರ ಒಂದು ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15 ಮಾತ್ರ.

ಹಗಲಿನಲ್ಲಿ ಸೂರ್ಯನು ನೆಲವನ್ನು ಕಾಯಿಸುತ್ತಾನೆ. ಕಾದ ಗಾಳಿ ಮೇಲೇರುತ್ತದೆ, ಅದರೊಡನೆ ಹೊಗೆಯೂ ಏರಿ ಚದುರುತ್ತದೆ. ಬೇಸಿಗೆಯ ಮಧ್ಯಾಹ್ನ ಈ ಕಲಸುವಿಕೆ ಒಂದೆರಡು ಕಿಲೋಮೀಟರ್ ಎತ್ತರದವರೆಗೂ ನಡೆಯುತ್ತದೆ. ಚಳಿಗಾಲದ ನಿರ್ಮಲ ರಾತ್ರಿಯಲ್ಲಾದರೋ ನೆಲ ಬೇಗನೆ ತಣಿಯುತ್ತದೆ. ತಣ್ಣನೆಯ ಭಾರವಾದ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ದಾಸೋಹದ ಹಂಡೆಗೆ ಮುಚ್ಚಳವಿಟ್ಟಂತೆ ಆಗುತ್ತದೆ. ನಸುಕಿನಲ್ಲಿ ಹೊರಡುವ ಲಾರಿ, ಬಸ್ಸುಗಳ ಹೊಗೆ, ಬೀದಿ ಬದಿಯಲ್ಲಿ ಚಳಿ ಕಾಯಿಸಲು ಹಚ್ಚಿದ ಕಸದ ಹೊಗೆ, ಎಲ್ಲವೂ ಆ ಮುಚ್ಚಳದ ಕೆಳಗೇ ಉಳಿಯುತ್ತವೆ. ಮಳೆಗಾಲದ ಕತೆ ಬೇರೆ: ಮಳೆ ಧೂಳನ್ನು ತೊಳೆಯುತ್ತದೆ, ಮುಂಗಾರಿನ ಗಾಳಿ ಉಳಿದುದನ್ನು ಒಯ್ಯುತ್ತದೆ.

ದೆಹಲಿಯ ಸುದ್ದಿಯನ್ನು ನಾವು ಪ್ರತಿವರ್ಷ ಓದುತ್ತೇವೆ. ಉತ್ತರಕ್ಕೆ ಹಿಮಾಲಯ, ಬಯಲಿನಲ್ಲಿ ನಿಂತ ಗಾಳಿ, ಅಕ್ಟೋಬರ್-ನವೆಂಬರಿನಲ್ಲಿ ಸುಡುವ ಭತ್ತದ ಕೂಳೆಯ ಹೊಗೆ, ಇವೆಲ್ಲವೂ ಅಲ್ಲಿ ಒಟ್ಟಿಗೆ ಕೂಡುತ್ತವೆ. ಸುಮಾರು 900 ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಪ್ರಸ್ಥಭೂಮಿಯ ಮೇಲಿರುವ ಬೆಂಗಳೂರು ಆ ಮಟ್ಟಿಗೆ ಅದೃಷ್ಟಶಾಲಿ. ಆದರೂ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ಸೇರಿವೆ. ನಮ್ಮ ಭಕ್ತರು ಬಹುಸಂಖ್ಯೆಯಲ್ಲಿ ನೆಲೆಸಿರುವ ಊರುಗಳಿವು.

ಹಾಗಾದರೆ ಇದು ಹವಾಮಾನದ ತಪ್ಪೇ? 2020ರ ಲಾಕ್‌ಡೌನ್ ದಿನಗಳು ಉತ್ತರ ಕೊಟ್ಟವು. ವಾಹನಗಳೂ ಕಟ್ಟಡ ಕಾಮಗಾರಿಗಳೂ ನಿಂತಾಗ, ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ನಗರಗಳ ಗಾಳಿ ಗಣನೀಯವಾಗಿ ತಿಳಿಯಾಯಿತು. ಒಣ ದಿನಗಳ ಬಿರುಗಾಳಿ ನೆಲದ ಧೂಳನ್ನು ಎಬ್ಬಿಸುವುದುಂಟು. ಅದನ್ನು ಬಿಟ್ಟರೆ ಹವೆ ಮಲಿನವನ್ನು ಹಿಡಿದಿಡುತ್ತದೆ ಅಥವಾ ಚದುರಿಸುತ್ತದೆ, ಅಷ್ಟೆ, ಹುಟ್ಟಿಸುವವರು ನಾವು. ಜುಲೈನಲ್ಲಿಯೂ ನಾವು ಹೊಗೆ ಬಿಡುತ್ತೇವೆ, ಮಳೆ-ಗಾಳಿ ಅದನ್ನು ಮರೆಮಾಚುತ್ತವೆ. ಡೀಸೆಲ್ ಹೊಗೆ, ಜನರೇಟರ್, ಡಾಂಬರು ಕಿತ್ತ ರಸ್ತೆ, ಮುಚ್ಚದೆ ಸಾಗಿಸುವ ಮರಳು ಇವುಗಳ ಜೊತೆಗೆ ಕಸಕ್ಕೆ ಬೆಂಕಿಯಿಡುವ ನಮ್ಮ ರೂಢಿಯೂ ಈ ಲೆಕ್ಕದಲ್ಲಿದೆ.

ಈ ಮಾತನ್ನು ಬರೆಯುವಾಗ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗಿದೆ. ಜಾತ್ರೆಯ ಮರುದಿನ ಊಟದ ಎಲೆ, ಪ್ಲಾಸ್ಟಿಕ್ ಲೋಟಗಳ ರಾಶಿಗೆ ಬೆಂಕಿ ಹಚ್ಚುವುದು ನಮ್ಮಲ್ಲಿಯೂ ನಡೆದುಬಂದಿದೆ. ಜಾತ್ರೆಗಳು ಹೆಚ್ಚಾಗಿ ನಡೆಯುವುದು ಚಳಿಗಾಲ ಮತ್ತು ಬೇಸಿಗೆಯ ಒಣ ದಿನಗಳಲ್ಲಿ, ಅಂದರೆ ತೊಳೆಯಲು ಮಳೆಯಿಲ್ಲದ ಕಾಲದಲ್ಲಿ. ಆ ಹೊಗೆಯನ್ನು ಮೊದಲು ಉಸಿರಾಡುವವರು ಸ್ವಚ್ಛತಾ ಕಾಯಕದಲ್ಲಿ ತೊಡಗಿದವರು. ಎಲೆಗಳು ಗೊಬ್ಬರದ ಗುಂಡಿಗೆ ಹೋಗಬೇಕು, ಪ್ಲಾಸ್ಟಿಕ್ ಬೇರೆಯಾಗಬೇಕು. ಸೇವೆಗೆ ಬರುವ ಯುವಕರು ಈ ಹೊಣೆಯನ್ನು ಹೊರಬೇಕೆಂದು ಕೋರುತ್ತೇವೆ.

ನಗರವಾಸಿ ಹಿರಿಯರು ನಸುಕಿನ ಪೂಜೆಯನ್ನು ಬಿಡಬೇಕಾಗಿಲ್ಲ. ರಸ್ತೆಯ ಕಡೆಯ ಕಿಟಕಿಯನ್ನು ಆ ಹೊತ್ತು ಮುಚ್ಚಿದರೆ ಸಾಕು. ನಡಿಗೆಯನ್ನು ಮಾತ್ರ ಬಿಸಿಲೇರಿದ ಮೇಲೆ, ವಾಹನದಟ್ಟಣೆ ಇಳಿದ ಹೊತ್ತಿಗೆ ಇಟ್ಟುಕೊಳ್ಳುವುದು ಲೇಸು. ಮುಖಕ್ಕೆ ಸುತ್ತಿದ ವಲ್ಲಿ ಧೂಳನ್ನು ತಡೆದೀತು, ಸೂಕ್ಷ್ಮ ಕಣಗಳನ್ನಲ್ಲ. ಅದಕ್ಕೆ ಎನ್‌95 ಮಾಸ್ಕ್ ಬೇಕು. ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಊರಿನ ಅಂದಿನ ಗಾಳಿಯ ಸೂಚ್ಯಂಕವನ್ನು ನೋಡಿ ಹೊರಡಬಹುದು. ಮೊಬೈಲ್ ಬಳಕೆ ತಿಳಿಯದ ಹಿರಿಯರಿಗೆ ಮನೆಯ ಮಕ್ಕಳು ತೋರಿಸಿಕೊಡಲಿ.