ಸಾಕಿದ ಹ್ಯಾಮ್‌ಸ್ಟರ್ ಸತ್ತಾಗ: ಮಗುವಿನ ದುಃಖ, ಮನೆಯ ಶುಚಿತ್ವ

ಬೆಳಿಗ್ಗೆ ಎದ್ದು ನೋಡಿದರೆ ಪಂಜರದಲ್ಲಿ ಹ್ಯಾಮ್‌ಸ್ಟರ್ ಅಲುಗಾಡುತ್ತಿಲ್ಲ. ಮಕ್ಕಳು ಇನ್ನೂ ಎದ್ದಿಲ್ಲ. ಆಗ ನೀವೇನು ಮಾಡುತ್ತೀರಿ? ಅನೇಕ ಮನೆಗಳಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿ, ಮಕ್ಕಳಿಗೆ "ರಾತ್ರಿ ಬಾಗಿಲು ತೆರೆದಿತ್ತು ಬೇಟಾ, ಓಡಿಹೋಯಿತು" ಎಂದು ಹೇಳಿಬಿಡುತ್ತಾರೆ. ಮಗು ಅಳಬಾರದು ಎಂಬ ಪ್ರೀತಿಯಿಂದಲೇ ಹೀಗೆ ಹೇಳುವುದು. ಆದರೆ ಆ ಮಗು ದಿನಗಟ್ಟಲೆ ಮಂಚದ ಕೆಳಗೆ, ಬೀರುವಿನ ಹಿಂದೆ ಹುಡುಕುತ್ತಿರುತ್ತದೆ. ಬಾಗಿಲು ಹಾಕಲು ಮರೆತವನು ತಾನೇ ಇರಬೇಕೆಂದು ಒಳಗೊಳಗೇ ಕೊರಗುತ್ತದೆ. ಮುಂದೊಂದು ದಿನ ನಿಜ ಗೊತ್ತಾದಾಗ, ದೊಡ್ಡವರು ಸಾವಿನ ವಿಷಯದಲ್ಲಿ ಸುಳ್ಳು ಹೇಳುತ್ತಾರೆ ಎಂಬ ಪಾಠವನ್ನೂ ಕಲಿಯುತ್ತದೆ.

ಬಳ್ಳಾರಿ ನಗರದಲ್ಲಿ ಈಗ ಹ್ಯಾಮ್‌ಸ್ಟರ್ ಸಾಕುವ ಮನೆಗಳಿವೆ. ಸಿರುಗುಪ್ಪ, ಕುರುಗೋಡು ಕಡೆಯ ಮನೆಗಳಲ್ಲಿ ಮೊಲ, ಪಾರಿವಾಳ, ಕೋಳಿಮರಿ, ಬೆಕ್ಕು ಹೆಚ್ಚು. ಪ್ರಾಣಿ ಯಾವುದೇ ಇರಲಿ, ಬಹಳಷ್ಟು ಮಕ್ಕಳು ಸಾವನ್ನು ಮೊದಲ ಬಾರಿಗೆ ಹತ್ತಿರದಿಂದ ಕಾಣುವುದು ಇಂತಹ ಸಂದರ್ಭದಲ್ಲೇ. ಆ ದಿನ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದರಿಂದ, ದುಃಖವನ್ನು ಈ ಮನೆಯಲ್ಲಿ ಹೇಳಿಕೊಳ್ಳಬಹುದೋ ಇಲ್ಲವೋ ಎಂಬುದನ್ನು ಮಗು ತಿಳಿದುಕೊಳ್ಳುತ್ತದೆ.

ಇದು ಕ್ಷುಲ್ಲಕ ದುಃಖವಲ್ಲ

"ಒಂದು ಇಲಿಗಾಗಿ ಇಷ್ಟು ಅಳುವುದೇ?" ಎಂದು ದಯವಿಟ್ಟು ಹೇಳಬೇಡಿ. ಪ್ರವಾದಿ(ಸ)ರ ಕಾಲದಲ್ಲಿ ಅಬೂ ಉಮೈರ್ ಎಂಬ ಪುಟ್ಟ ಬಾಲಕನಿದ್ದ. ಹಝ್ರತ್ ಅನಸ್(ರ)ರ ತಮ್ಮ. ಅವನು ಆಡುತ್ತಿದ್ದ ಚಿಕ್ಕ ಹಕ್ಕಿ ಸತ್ತುಹೋಯಿತು. ಅವನು ಸಪ್ಪಗೆ ಕುಳಿತಿರುವುದನ್ನು ಕಂಡ ಪ್ರವಾದಿ(ಸ)ರು, ದೊಡ್ಡವರನ್ನು ಕರೆಯುವಂತೆ ಅವನನ್ನು ಅಬೂ ಉಮೈರ್ ಎಂದೇ ಕರೆದು, ಆ ಹಕ್ಕಿಯ ವಿಷಯವನ್ನು ಪ್ರೀತಿಯಿಂದ ಕೇಳಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಬಂದಿರುವ ಈ ಪ್ರಸಂಗವನ್ನು ನೀವು ಕೇಳಿರಬಹುದು. ಗಮನಿಸಿ, ಅಲ್ಲಿ ಉಪದೇಶವಿಲ್ಲ, ಗದರಿಕೆಯಿಲ್ಲ. ಮಗುವಿಗೆ ಮುಖ್ಯವಾದುದನ್ನು ಕೇಳಿ ತಿಳಿಯುವ ಮನಸ್ಸಿದೆ.

ನಮ್ಮ ಕನ್ನಡ ನಾಡಿನಲ್ಲೂ ಪ್ರಾಣಿಗಾಗಿ ಶೋಕಿಸುವುದು ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಸುಮಾರು ಕ್ರಿ.ಶ. 949-50ರದು. ಮಣಲೇರ ಎಂಬ ವೀರ ತನ್ನ ಒಡೆಯ ಗಂಗರ ಬೂತುಗನಿಂದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದಿದ್ದ. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯ ಜೊತೆಗೇ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟುಕೊಟ್ಟರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತೀರಾ ಈಚೆಗೆ, 2023ರ ಡಿಸೆಂಬರ್ 4ರಂದು ದಸರಾ ಆನೆ ಅರ್ಜುನ ಹಾಸನ ಜಿಲ್ಲೆಯಲ್ಲಿ ಕಾಡಾನೆಯೊಂದಿಗಿನ ಕಾಳಗದಲ್ಲಿ ಸತ್ತಾಗ, ಮಾವುತ ಗೋಳಾಡಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಯಾರೂ ಅವರನ್ನು ನೋಡಿ ನಗಲಿಲ್ಲ. ನಾಯಿ, ಆನೆಗೆ ಸಲ್ಲುವ ಕಣ್ಣೀರು ಅಂಗೈಯಗಲದ ಹ್ಯಾಮ್‌ಸ್ಟರ್‌ಗೆ ಸಲ್ಲಬಾರದೇಕೆ? ಮಗುವಿನ ಪ್ರೀತಿ ಪ್ರಾಣಿಯ ಗಾತ್ರ ನೋಡಿ ಹುಟ್ಟುವುದಿಲ್ಲ.

ಮಗುವಿಗೆ ಏನೆಂದು ಹೇಳಬೇಕು?

"ಸತ್ತುಹೋಗಿದೆ" ಎಂಬ ಮಾತನ್ನೇ ಬಳಸಿ. "ನಿದ್ದೆ ಮಾಡುತ್ತಿದೆ", "ದೂರ ಹೋಗಿದೆ" ಎನ್ನಬೇಡಿ. ನಿದ್ದೆ ಎಂದರೆ ಚಿಕ್ಕ ಮಗುವಿಗೆ ರಾತ್ರಿ ಮಲಗಲು ಭಯವಾಗಬಹುದು. ದೂರ ಹೋಗಿದೆ ಎಂದರೆ ದಿನವೂ ದಾರಿ ಕಾಯುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚಿನವರಿಗೆ ಸತ್ತದ್ದು ಮರಳಿ ಬರುವುದಿಲ್ಲ ಎಂಬುದು ಅರ್ಥವಾಗಿರುವುದಿಲ್ಲ. ಅವರಿಗೆ ಹೀಗೆ ಹೇಳಿ: "ಅದರ ಉಸಿರಾಟ ನಿಂತಿದೆ. ಇನ್ನು ಅದು ತಿನ್ನುವುದಿಲ್ಲ, ಓಡುವುದಿಲ್ಲ, ಅದಕ್ಕೆ ನೋವೂ ಆಗುವುದಿಲ್ಲ." ಇದನ್ನೇ ಮಗು ಹತ್ತು ಸಲ ಕೇಳಿದರೂ ತಾಳ್ಮೆಯಿಂದ ಹತ್ತು ಸಲ ಹೇಳಿ. ಏಳೆಂಟು ವರ್ಷ ದಾಟಿದ ಮಕ್ಕಳಿಗೆ ವಿಷಯ ತಿಳಿಯುತ್ತದೆ. ಅವರ ಮುಂದಿನ ಪ್ರಶ್ನೆ "ಅಮ್ಮೀ, ನೀನೂ ಸಾಯುತ್ತೀಯಾ?" ಎಂದಿರಬಹುದು. ಹೆದರಬೇಡಿ. "ಎಲ್ಲರಿಗೂ ಒಂದು ದಿನ ಇದೆ. ಆದರೆ ಈಗ ನಾನು ಆರೋಗ್ಯವಾಗಿದ್ದೇನೆ, ನಿನ್ನ ಜೊತೆಗಿದ್ದೇನೆ" ಎಂದು ಅಪ್ಪಿಕೊಳ್ಳಿ.

ಗಂಡುಮಕ್ಕಳಿಗೆ "ಹುಡುಗಿಯಂತೆ ಅಳಬೇಡ" ಎನ್ನುವ ಅಭ್ಯಾಸವನ್ನು ಬಿಡೋಣ. ಅದೇ ದಿನ ಸಂಜೆ ಅಂಗಡಿಗೆ ಹೋಗಿ ಇನ್ನೊಂದು ಹ್ಯಾಮ್‌ಸ್ಟರ್ ತರುವ ಅವಸರವೂ ಬೇಡ. ಸತ್ತದ್ದರ ಜಾಗವನ್ನು ಸುಲಭವಾಗಿ ತುಂಬಬಹುದು ಎಂದು ಮಗುವಿಗೆ ಅನ್ನಿಸಬಾರದು.

"ನನ್ನಿಂದಲೇ ಸತ್ತಿತೇ?"

ಬಾಯಿಬಿಟ್ಟು ಕೇಳದಿದ್ದರೂ ಮಕ್ಕಳ ಮನಸ್ಸಿನಲ್ಲಿ ಈ ಪ್ರಶ್ನೆ ಇರುತ್ತದೆ. ಹ್ಯಾಮ್‌ಸ್ಟರ್‌ನ ಆಯುಷ್ಯವೇ ಸಾಮಾನ್ಯವಾಗಿ 2ರಿಂದ 3 ವರ್ಷ ಎಂದು ತಿಳಿಸಿ. ಬೇಟೆಗೆ ಬಲಿಯಾಗುವ ಸಣ್ಣ ಪ್ರಾಣಿಗಳು ತಮ್ಮ ಕಾಯಿಲೆಯನ್ನು ಕೊನೆಯವರೆಗೂ ಮರೆಮಾಚುತ್ತವೆ. ಆದ್ದರಿಂದ ನಿನ್ನೆ ಓಡಾಡಿಕೊಂಡಿದ್ದದ್ದು ಇಂದು ಸತ್ತಿರುವುದು ಅಪರೂಪವೇನಲ್ಲ.

ಆದರೆ ನಮ್ಮ ಊರಿನಲ್ಲಿ ದೊಡ್ಡವರು ತಿಳಿದಿರಬೇಕಾದ ಒಂದು ಕಾರಣ ಬಿಸಿಲು. ಮನೆಗಳಲ್ಲಿ ಸಾಕುವ ಚಿನ್ನದ ಬಣ್ಣದ ಹ್ಯಾಮ್‌ಸ್ಟರ್‌ಗಳ ಮೂಲ ಸಿರಿಯಾದ ಅಲೆಪ್ಪೊ ಪ್ರದೇಶ. 1930ರಲ್ಲಿ ಅಲ್ಲಿ ಹಿಡಿದ ಒಂದೇ ಗೂಡಿನ ಮರಿಗಳಿಂದಲೇ ಇಂದಿನ ಸಾಕು ಸಂತತಿ ಬೆಳೆದಿದೆ. ಒಣನಾಡಿನ ಪ್ರಾಣಿ, ಬಿಸಿಲು ತಾಳುತ್ತದೆ ಎಂದುಕೊಳ್ಳಬೇಡಿ. ಅಲ್ಲಿ ಅದು ಬಿಸಿಲಿನ ಹೊತ್ತನ್ನು ನೆಲದಾಳದ ತಂಪು ಬಿಲದಲ್ಲಿ ಕಳೆಯುತ್ತದೆ. ಬಳ್ಳಾರಿಯ ಏಪ್ರಿಲ್-ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುತ್ತದೆ. ತಗಡಿನ ಶೀಟಿನ ಕೆಳಗಿಟ್ಟ ಪಂಜರದಲ್ಲಿ ಅದಕ್ಕೆ ಓಡಿಹೋಗಲು ಬಿಲವಿಲ್ಲ. ಮುಂದೆ ಎಂದಾದರೂ ಸಾಕುವುದಾದರೆ ಪಂಜರವನ್ನು ನೆಲಮಟ್ಟದ ತಂಪು ಕೋಣೆಯಲ್ಲಿಡಿ, ಒಳಗೆ ಮಣ್ಣಿನ ಸಣ್ಣ ಮಡಕೆಯನ್ನು ಮಲಗಿಸಿಡಿ, ನೀರು ಸದಾ ಇರಲಿ. ಅದು ಜೊಲ್ಲು ಸುರಿಸುತ್ತ ಚಪ್ಪಟೆಯಾಗಿ ಮಲಗಿದ್ದರೆ ಕೂಡಲೇ ತಂಪಾದ ಜಾಗಕ್ಕೆ ಸಾಗಿಸಿ ಪಶುವೈದ್ಯರನ್ನು ಕೇಳಿ. ತಣ್ಣೀರಿನಲ್ಲಿ ಮುಳುಗಿಸಬೇಡಿ. ಆದರೆ ಇವೆಲ್ಲ ದೊಡ್ಡವರ ಜವಾಬ್ದಾರಿ. ತಪ್ಪನ್ನು ಮಗುವಿನ ತಲೆಗೆ ಕಟ್ಟಬೇಡಿ.

ಹೂಳುವಾಗ ಶುಚಿತ್ವ

ಮಗು ಕೊನೆಯ ಬಾರಿ ನೋಡಬೇಕೆಂದರೆ ನೋಡಲಿ. ಮುತ್ತಿಡುವುದು, ಬರಿಗೈಯಲ್ಲಿ ಹಿಡಿಯುವುದು ಬೇಡ. ದೊಡ್ಡವರು ಕೈಗವಸು ಹಾಕಿಕೊಂಡು, ಇಲ್ಲವೇ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟು, ಎತ್ತಿ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಲಿ. ನಮ್ಮ ಬೇಸಿಗೆಯಲ್ಲಿ ದೇಹ ಬೇಗ ಕೆಡುವುದರಿಂದ ಅದೇ ದಿನ ಹೂಳಿ.

ಗುಂಡಿ ಎರಡು-ಮೂರು ಅಡಿ ಆಳವಿರಲಿ. ಆಳವಿಲ್ಲದಿದ್ದರೆ ನಾಯಿಗಳು ಅಗೆದುಹಾಕುತ್ತವೆ, ಆ ನೋಟ ಮಗುವಿಗೆ ಎರಡನೇ ಪೆಟ್ಟು. ಸಿರುಗುಪ್ಪ ಸುತ್ತಲಿನ ಎರೆಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರುಕುಬಿಡುತ್ತದೆ. ಅಲ್ಲಿ ಮಣ್ಣು ಗಟ್ಟಿಯಾಗಿ ತುಳಿದು, ಮೇಲೊಂದು ಚಪ್ಪಡಿ ಕಲ್ಲಿಡಿ. ಬಾವಿ, ಬೋರ್‌ವೆಲ್, ನೀರಿನ ತೊಟ್ಟಿಗಳಿಂದ ದೂರವಿರಲಿ. ತುಂಗಭದ್ರಾ ನದಿಗಾಗಲಿ ಕಾಲುವೆಗಾಗಲಿ ಎಸೆಯಲೇಬೇಡಿ. ಆ ನೀರನ್ನೇ ಮುಂದಿನ ಊರಿನವರು ಬಳಸುತ್ತಾರೆ. ಕುರುಗೋಡಿನಲ್ಲಿ ಬಂಡೆ ನೆಲವಿದ್ದರೆ, ಬಳ್ಳಾರಿ ನಗರದಲ್ಲಿ ಅಂಗಳವೇ ಇಲ್ಲದಿದ್ದರೆ, ಹೊಲ ಅಥವಾ ಹಿತ್ತಲು ಇರುವ ಸಂಬಂಧಿಕರನ್ನು ಕೇಳಿ. ಪ್ರಾಣಿಗೆ ಜನಾಝಾ ನಮಾಝ್ ಇಲ್ಲ. ಆದರೆ ಮಗು ತನ್ನ ಕೈಯಿಂದ ಒಂದು ಹಿಡಿ ಮಣ್ಣು ಹಾಕಿ ವಿದಾಯ ಹೇಳಲು ಅಡ್ಡಿಯಿಲ್ಲ. ಆಮೇಲೆ ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆಯಿರಿ.

ಪಂಜರದ ಸ್ವಚ್ಛತೆ

ಒಣ ಮರದ ಹೊಟ್ಟನ್ನು ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕಸಕ್ಕೆ ಹಾಕಿ. ಪಂಜರವನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯದೆ ಹೊರಗೆ ಸಾಬೂನಿನಿಂದ ತೊಳೆಯಿರಿ. ಅನಂತರ ಹತ್ತು ಪಾಲು ನೀರಿಗೆ ಒಂದು ಪಾಲು ದ್ರವ ಬ್ಲೀಚ್ ಬೆರೆಸಿ ಸವರಿ, ಹತ್ತು ನಿಮಿಷ ಬಿಟ್ಟು ತೊಳೆದು ಬಿಸಿಲಿಗೆ ಇಡಿ. ಬ್ಲೀಚ್ ಜೊತೆ ಟಾಯ್ಲೆಟ್ ಆ್ಯಸಿಡ್ ಬೆರೆಸಿದರೆ ವಿಷಾನಿಲ ಬರುತ್ತದೆ, ಎಚ್ಚರ.

ಗರ್ಭಿಣಿಯರು ಈ ಕೆಲಸ ಮಾಡಲೇಬಾರದು. ಹ್ಯಾಮ್‌ಸ್ಟರ್ ಮತ್ತು ಇಲಿಗಳಿಂದ ಹರಡುವ ಒಂದು ವೈರಸ್ ಹೊಟ್ಟೆಯಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದು. ಮುಂದಿನ ಎರಡು ಮೂರು ವಾರಗಳಲ್ಲಿ ಮನೆಯಲ್ಲಿ ಯಾರಿಗಾದರೂ ಜ್ವರ, ತೀವ್ರ ತಲೆನೋವು, ಭೇದಿ ಕಾಣಿಸಿದರೆ ಸಾಕುಪ್ರಾಣಿ ಸತ್ತ ವಿಷಯವನ್ನು ವೈದ್ಯರಿಗೆ ತಿಳಿಸಿ. ಕೋಳಿ, ಪಾರಿವಾಳಗಳು ಒಂದರ ಹಿಂದೆ ಒಂದು ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ಸುದ್ದಿ ಕೊಡಿ. 2025ರಲ್ಲಿ ನಮ್ಮ ಜಿಲ್ಲೆಯಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಪಶುವೈದ್ಯಕೀಯ ಸಹಾಯವಾಣಿ 1962.

ನೆನಪು ಉಳಿಯಲಿ

ಗುಂಡಿಯ ಮೇಲೆ ಮಗುವಿನ ಕೈಯಿಂದ ಒಂದು ತುಳಸಿಯನ್ನೋ ದಾಸವಾಳವನ್ನೋ ನೆಡಿಸಿ. ಮೊಬೈಲ್‌ನಲ್ಲಿರುವ ಫೋಟೊಗಳನ್ನು ಅಳಿಸಬೇಡಿ. ಕೆನ್ನೆಯ ಚೀಲದಲ್ಲಿ ಕಾಳು ತುಂಬಿಕೊಂಡು ಅದು ಓಡುತ್ತಿದ್ದ ಬಗೆಯನ್ನು ಊಟದ ಹೊತ್ತಿನಲ್ಲಿ ನೀವೇ ನೆನೆಸಿಕೊಳ್ಳಿ. ದಾದಿ, ನಾನಿಯರು ತಮ್ಮ ಬಾಲ್ಯದ ಆಡು, ಕೋಳಿಗಳ ಕಥೆ ಹೇಳಲಿ. ನಗುತ್ತ ನೆನೆಯಬಹುದು ಎಂದು ತಿಳಿದ ಮಗು ಬೇಗ ಚೇತರಿಸಿಕೊಳ್ಳುತ್ತದೆ.

ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಸಮಾಧಾನವಾಗುತ್ತಾರೆ. ಊಟ ನಿದ್ದೆ ಕೆಟ್ಟು, ಶಾಲೆಗೆ ಹೋಗಲು ನಿರಾಕರಿಸಿ, ತನ್ನನ್ನೇ ದೂಷಿಸಿಕೊಳ್ಳುವುದು ತಿಂಗಳಾದರೂ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಟೆಲಿ-ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕುಟುಂಬದಲ್ಲಿ ಈಚೆಗೆ ಹಿರಿಯರೊಬ್ಬರು ತೀರಿಕೊಂಡಿದ್ದರೆ ಇನ್ನಷ್ಟು ಗಮನ ಕೊಡಿ. ಆಗ ಅಳದ ಮಗು ಈಗ ಹ್ಯಾಮ್‌ಸ್ಟರ್‌ಗಾಗಿ ಅಳುತ್ತಿರುವಾಗ, ಆ ಕಣ್ಣೀರಿನಲ್ಲಿ ದಾದಾನ ನೆನಪೂ ಸೇರಿರಬಹುದು. ಪಕ್ಕದಲ್ಲಿ ಕುಳಿತು, ಅದು ಹೇಳುವುದನ್ನೆಲ್ಲ ಕೇಳಿಸಿಕೊಳ್ಳಿ.