ಪಾಟಾ ಏರಿಸಿದ ಲಾರಿ: ಸ್ಟೇರಿಂಗ್ ನೋಡಿದವರಾರು?

ಸೋಲಾಪುರ: ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಸೋಲಾಪುರ-ಅಕ್ಕಲಕೋಟ ಭಾಗದ ಗ್ಯಾರೇಜುಗಳಲ್ಲಿ ಸುತ್ತಿಗೆಯ ಸದ್ದು ಜೋರಾಗುತ್ತದೆ. ಮಳೆಗಾಲವೆಲ್ಲ ಮನೆ ಮುಂದೆ ನಿಂತಿದ್ದ ಲಾರಿಗಳು ಒಂದೊಂದಾಗಿ ಬಂದು ಸಾಲು ಹಚ್ಚುತ್ತವೆ. ಮಾಲೀಕರ ಬೇಡಿಕೆ ಬಹುತೇಕ ಒಂದೇ: 'ಹಿಂದ ಎರಡು ಪಾಟಾ ಹೆಚ್ಚಿಗಿ ಹಾಕ್ರಿ, ಗಾಡಿ ಜರಾ ಎತ್ತರ ಆಗ್ಲಿ.'

ಪಾಟಾ ಎಂದರೆ ಲಾರಿಯ ಭಾರ ಹೊರುವ ಉಕ್ಕಿನ ಕಮಾನುಪಟ್ಟಿ. ಹೊಲದ ಎರೆಮಣ್ಣಿನ ದಾರಿಯಲ್ಲಿ ಗಾಡಿಯ ಹೊಟ್ಟೆ ತಾಗಬಾರದು, ಕಬ್ಬು ತುಂಬಿದಾಗ ಹಿಂಬದಿ ಕುಸಿಯಬಾರದು ಎಂಬುದು ಮಾಲೀಕರ ಲೆಕ್ಕ. ಎತ್ತರ ಮಾಡುವ ಕೆಲಸವೂ ದೊಡ್ಡದಲ್ಲ, ಒಂದು ದಿನದೊಳಗೆ ಮುಗಿಯುತ್ತದೆ. ಆದರೆ ಆಮೇಲೆ ಸ್ಟೇರಿಂಗ್ ಏನಾಯಿತು ಎಂದು ನೋಡುವವರು ಕಡಿಮೆ. ಕುಂಭಾರಿ, ವಳಸಂಗ ದಾಟಿ ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗುವ ಜೀಪು, ಎಸ್‌ಟಿ ಬಸ್ಸು, ಕಾಲ್ನಡಿಗೆಯ ಭಕ್ತರು ಎಲ್ಲರದೂ ಅದೇ ರಸ್ತೆ.

'ಗಾಡಿ ಎಡಕ್ಕ ಎಳಿಲಿಕತ್ತದ' ಎಂಬ ಮಾತು ಡ್ರೈವರ್‌ಗಳ ಬಾಯಲ್ಲಿ ಸಾಮಾನ್ಯ. ಟಾಯರಿನ ಮೇಲೆ ದೂರು ಹೊರಿಸಿ ಗಾಳಿ ತುಂಬಿಸಿಕೊಂಡು ಹೊರಡುತ್ತಾರೆ. ಕಾರಣ ಬೇರೆಯೇ ಇರಬಹುದು.

ಸ್ಟೇರಿಂಗ್ ಬಾಕ್ಸು ಕುಳಿತಿರುವುದು ಚಾಸಿಯ ಮೇಲೆ. ಚಕ್ರಗಳಿರುವುದು ಕೆಳಗಿನ ಆಕ್ಸಲ್ ಮೇಲೆ. ಇವೆರಡನ್ನೂ ಜೋಡಿಸುವುದು ಡ್ರ್ಯಾಗ್ ಲಿಂಕ್ ಎಂಬ ಸಲಾಕೆ. ಮುಂದಿನ ಕಮಾನು ಎತ್ತರವಾದರೆ ಚಾಸಿ ಮೇಲೇರುತ್ತದೆ, ಸಲಾಕೆ ಓರೆಯಾಗುತ್ತದೆ. ಆಗ ನೇರ ರಸ್ತೆಯಲ್ಲೂ ಸ್ಟೇರಿಂಗ್ ಚಕ್ರ ಸೊಟ್ಟ ನಿಲ್ಲುತ್ತದೆ. ತಗ್ಗು ಬಿದ್ದಾಗಲೆಲ್ಲ ಡ್ರೈವರ್ ಕೈ ಆಡಿಸದೆಯೇ ಗಾಲಿ ತಾನಾಗಿ ಸ್ವಲ್ಪ ಹೊರಳುತ್ತದೆ. ಕೆಲವರು ಮಾಡುವ ಉಪಾಯ, ಸ್ಟೇರಿಂಗ್ ಚಕ್ರವನ್ನೇ ಬಿಚ್ಚಿ ನೆಟ್ಟಗೆ ಕೂರಿಸುವುದು. ನೋಡಲು ಚಂದ ಕಾಣುತ್ತದೆ, ಅಷ್ಟೇ. ಬಾಕ್ಸು ನಡುವಿನ ಜಾಗ ಬಿಟ್ಟಿರುತ್ತದೆ, ಒಂದು ಕಡೆ ತಿರುವು ಕಡಿಮೆಯಾಗುತ್ತದೆ. ಬಾಕ್ಸನ್ನು ಮಧ್ಯಕ್ಕೆ ತಂದು, ಗಾಲಿ ನೇರ ನಿಲ್ಲಿಸಿ, ಸಲಾಕೆಯ ಉದ್ದ ಹೊಂದಿಸುವುದೇ ಸರಿಯಾದ ಕ್ರಮ.

ಹಿಂಬದಿಯನ್ನಷ್ಟೇ ಏರಿಸಿದರೆ ಇನ್ನೊಂದು ಪೇಚು. ಗಾಡಿ ಮೂಗು ಕೆಳಗೆ ಹಾಕಿದಂತಾಗಿ ಕಿಂಗ್ ಪಿನ್‌ನ ಹಿಂದಕ್ಕಿರುವ ಓಲು ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ಮರಳುವುದು ಈ ಓಲಿನಿಂದಲೇ. ಅದು ಹೋದರೆ ಖಾಲಿ ಗಾಡಿ ರಸ್ತೆಯಲ್ಲಿ ಅತ್ತಿತ್ತ ಓಲಾಡುತ್ತದೆ. ಆಕ್ಸಲ್ ಮತ್ತು ಕಮಾನಿನ ನಡುವೆ ಬೆಣೆ, ಮರಾಠಿಯವರ 'ಪಾಚರ', ಇಟ್ಟು ಇದನ್ನು ಸರಿಪಡಿಸುತ್ತಾರೆ. ಬೆಣೆ ತಿರುವುಮುರುವಾದರೆ ರೋಗ ದುಪ್ಪಟ್ಟು.

ಎಲ್ಲಕ್ಕಿಂತ ಅಪಾಯದ್ದು ಬ್ರೇಕಿನ ವಿಷಯ. ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಬದಲಿಸುವ ವಾಲ್ವ್ ಹಲವು ಲಾರಿಗಳಲ್ಲಿದೆ. ಕಮಾನು ಎಷ್ಟು ಕೆಳಗೆ ಕೂತಿತು ಎಂಬುದರ ಮೇಲೆ ಅದು ಭಾರ ಅಳೆಯುತ್ತದೆ. ಹೆಚ್ಚಿನ ಪಾಟಾ ಬಿದ್ದಾಗ ಕಮಾನು ಕೂರುವುದೇ ಇಲ್ಲ. ಕಬ್ಬು ತುಂಬಿದ್ದರೂ ವಾಲ್ವ್‌ಗೆ ಗಾಡಿ ಖಾಲಿ ಎಂದೇ ಲೆಕ್ಕ. ಬ್ರೇಕ್ ಬೇಕಾದ ಹೊತ್ತಿಗೆ ಹಿಂದಿನ ಗಾಲಿಗಳಿಗೆ ಒತ್ತಡ ಸಾಲುವುದಿಲ್ಲ.

ಸೀಮೆಸುಣ್ಣ, ಟೇಪು ಸಾಕು

ತಪಾಸಣೆಗೆ ಕಂಪ್ಯೂಟರೇ ಬೇಕೆಂದಿಲ್ಲ. ಸಮತಟ್ಟು ಜಾಗ ಬೇಕು, ಎಲ್ಲ ಟಾಯರಿಗೆ ಸರಿ ಗಾಳಿ ಬೇಕು. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಘೋಡಿ ಇಡಬೇಕು. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗುವವರಿಗೆ ಏನು ಹೇಳುವುದು? ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಸಿಕ್ಕರೆ ಕಿಂಗ್ ಪಿನ್ ಇಲ್ಲವೇ ಬೇರಿಂಗ್ ನೋಡಬೇಕು. ಟೈ ರಾಡಿನ ತುದಿ, ಶ್ಯಾಕಲ್ ಬುಶ್, ಯು ಬೋಲ್ಟು, ಸೆಂಟರ್ ಬೋಲ್ಟು ಇವೂ ಆಗಲೇ ಆಗಬೇಕು. ಸವೆದ ಸಾಮಾನು ಬದಲಿಸದೆ ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ.

ಆಮೇಲೆ ಅಳತೆ. ಮುಂದಿನ ಆಕ್ಸಲ್ಲಿನಿಂದ ಹಿಂದಿನ ಆಕ್ಸಲ್ಲಿಗೆ ಎಡಬಲ ಎರಡೂ ಕಡೆ ಟೇಪು ಹಿಡಿದರೆ ಒಂದೇ ಬರಬೇಕು. ಸೆಂಟರ್ ಬೋಲ್ಟು ತುಂಡಾಗಿ ಆಕ್ಸಲ್ ಸರಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅಂಥ ಲಾರಿಯ ಹಿಂದೆ ಬೈಕಿನ ಮೇಲೆ ಹೋದವರು ನೋಡಿರುತ್ತಾರೆ, ಮುಂದಿನ ಗಾಲಿ ಒಂದು ದಾರಿ, ಹಿಂದಿನದು ಇನ್ನೊಂದು ದಾರಿ. ಕೊನೆಗೆ ಟಾಯರ್ ತಿರುಗಿಸುತ್ತ ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ನೆಲಕ್ಕಿಳಿಸಿ, ಸ್ವಲ್ಪ ಮುಂದಕ್ಕೆ ತಳ್ಳಿ, ಎರಡು ಗೆರೆಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ ಅಳೆಯುವುದು. ಎಷ್ಟು ವ್ಯತ್ಯಾಸ ಇರಬೇಕು ಎಂಬುದು ಕಂಪನಿಯ ಪುಸ್ತಕದಲ್ಲಿದೆ, ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್.

ಕೆಲವು ಮಿಲಿಮೀಟರಿಗೆ ಇಷ್ಟು ಗದ್ದಲವೇ ಎನ್ನಬಹುದು. ಲೆಕ್ಕ ಹಾಕಿ ನೋಡಿ: ಸುಮಾರು 1 ಮೀಟರ್ ವ್ಯಾಸದ ಟಾಯರಿನಲ್ಲಿ 10 ಮಿಲಿಮೀಟರ್ ತಪ್ಪಿದರೆ, 1 ಕಿಲೋಮೀಟರ್ ಓಡುವಷ್ಟರಲ್ಲಿ ಎರಡೂ ಟಾಯರು ಸೇರಿ ಸುಮಾರು 10 ಮೀಟರ್ ಅಡ್ಡಡ್ಡ ಉಜ್ಜುತ್ತವೆ. ಸೋಲಾಪುರದಿಂದ ಅಕ್ಕಲಕೋಟ ಸುಮಾರು 40 ಕಿಲೋಮೀಟರ್. ಒಂದು ಸಲ ಹೋದರೆ 400 ಮೀಟರ್ ರಬ್ಬರು ನೆಲಕ್ಕೆ ಉಜ್ಜಿದಂತೆ. ಪವರ್ ಸ್ಟೇರಿಂಗ್ ಬಂದ ಮೇಲೆ ಡ್ರೈವರ್ ಕೈಗೆ ಇದು ತಿಳಿಯುವುದೂ ಇಲ್ಲ. ಹಳೆ ಗಾಡಿ ಭುಜ ನೋಯಿಸಿಯಾದರೂ ಹೇಳುತ್ತಿತ್ತು.

ತೂಕ ಏರದು

ಪಾಟಾ ಹೆಚ್ಚಿದರೆ ಆರ್‌ಸಿ ಪುಸ್ತಕದಲ್ಲಿ ತೂಕ ಹೆಚ್ಚುವುದಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ನಾಲ್ಕು ಟಾಯರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಅದಕ್ಕೂ ಮಿಕ್ಕಿದ್ದು ಓವರ್‌ಲೋಡೇ. 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ದಂಡ 20 ಸಾವಿರ ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2 ಸಾವಿರ. ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಪ್ರತಿಯೊಂದಕ್ಕೆ 5 ಸಾವಿರ ದಂಡ, ಆರು ತಿಂಗಳವರೆಗೆ ಜೈಲು ಇಲ್ಲವೇ ಎರಡೂ. ತಯಾರಕರ ಮೂಲ ವಿವರಕ್ಕೆ ಭಿನ್ನವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಹೇಳಿದೆ.

ಅಕ್ಕಲಕೋಟ ತಾಲೂಕಿನ, ಅತ್ತ ಇಂಡಿ, ಅಫಜಲಪುರ, ಆಳಂದ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಇಂಥ ಲಾರಿಗಳ ಬಾಡಿಗೆಯಿಂದ. ಕಂತು ಕಟ್ಟುವ ಅವಸರ ಮಾಲೀಕನಿಗೆ, ಹಂಗಾಮು ತಪ್ಪಬಾರದೆಂಬ ಅವಸರ ಡ್ರೈವರಿಗೆ. ಆದ್ದರಿಂದ ಅರ್ಧ ತಾಸಿನ ಅಳತೆ ನಾಳೆಗೆ ಹೋಗುತ್ತದೆ, ಆ ನಾಳೆ ಕಬ್ಬು ಮುಗಿದ ಮೇಲೆ ಬರುತ್ತದೆ.

ಈಗಾಗಲೇ ಏರಿಸಿದ ಗಾಡಿ ಇರುವವರು ಹೆಚ್ಚಿನ ಪಾಟಾ ತೆಗೆಸಿ ಕಂಪನಿ ಅಳತೆಗೆ ತರುವುದು ಲೇಸು. ಮುರಿದ ಪಾಟಾಕ್ಕೆ ವೆಲ್ಡಿಂಗ್ ಬೇಡ, ಕಾಸಿದರೆ ಉಕ್ಕಿನ ಹದ ಹೋಗುತ್ತದೆ. ಕಮಾನು ಬಿಚ್ಚಿ ಕಟ್ಟಿದ ಮೇಲೆ ಮೊದಲ ಒಂದೆರಡು ಖೇಪು ಮುಗಿಸಿ ಬಂದಾಗ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಬೇಕು. ಹೊಸದಾಗಿ ಕೂತ ಪಟ್ಟಿಗಳು ಭಾರಕ್ಕೆ ಅಮರಿಕೊಂಡಾಗ ನಟ್ಟು ಸಡಿಲಾಗಿರುತ್ತದೆ.